ನರ್ಸ್ ಬಂದು ಹೋದಳು

ಒಂಬತ್ತು ವರ್ಷದಿಂದ ನನ್ನ ಅವ್ವನ ಮೈಯನ್ನು ನಾನು ತೊಳೆಯುತ್ತಿದ್ದೇನೆ. ಈ ಮಾತನ್ನು ಇಷ್ಟು ನೇರವಾಗಿ ಯಾರಿಗೂ ಹೇಳಿರಲಿಲ್ಲ. ಒಂದು ಅರ್ಜಿ ಬಂದು ಹೇಳಿಸಿತು.

ನಾನು ಎಮ್ರಿಸ್ ಪ್ರಾಸರ್. ಐವತ್ಮೂರು ವರ್ಷ. ವೇಲ್ಸಿನ ಕಲ್ಲಿದ್ದಲು ಕಣಿವೆಯಲ್ಲಿ, ಬೆಥಾನಿಯಾ ಸಾಲಿನಲ್ಲಿ ನಮ್ಮ ಮನೆ. ಇಪ್ಪತ್ತೆರಡು ಮನೆ, ಗೋಡೆಗೆ ಗೋಡೆ ಅಂಟಿಕೊಂಡಿವೆ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅಪ್ಪ ಅದರ ಧೂಳು ನುಂಗಿ ಸತ್ತ. ಅವ್ವ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದಳು. ಈ ಸಾಲಿನಲ್ಲಿ ನಲವತ್ತು ದಾಟಿದವರೆಲ್ಲ ಅವಳ ಕೈಯಿಂದ ಬಟಾಣಿ ಬಡಿಸಿಕೊಂಡು ತಿಂದವರೇ. ತಟ್ಟೆಯಲ್ಲಿ ಬಿಟ್ಟರೆ ಬೈಸಿಕೊಂಡವರೇ.

ನಾನು ಬ್ರೆಡ್ ಸಾಗಿಸುವ ವ್ಯಾನು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಅವ್ವ ಒಲೆಯ ಮುಂದೆ ಬಿದ್ದಳು. ಲಕ್ವ. ಎಡಗಡೆ ಪೂರ್ತಿ ಹೋಯಿತು. ತಲೆ ಹೋಗಲಿಲ್ಲ. ನಾಲಿಗೆಯಂತೂ ಹೋಗಲೇ ಇಲ್ಲ.

ಮೊದಲ ಆರು ತಿಂಗಳು ಕೌನ್ಸಿಲ್‌ನಿಂದ ಒಬ್ಬ ನರ್ಸ್ ಹುಡುಗಿ ಬರುತ್ತಿದ್ದಳು. ಕೆರಿಸ್ ಅಂತ ಹೆಸರು. ಆಮೇಲೆ ಕೌನ್ಸಿಲ್‌ನವರು, ಮನೆಯಲ್ಲಿ ಗಟ್ಟಿಮುಟ್ಟಾದ ಮಗ ಇದ್ದಾನಲ್ಲ ಎಂದು ಅವಳನ್ನು ನಿಲ್ಲಿಸಿದರು. ಗಟ್ಟಿಮುಟ್ಟಾದ ಮಗ ವ್ಯಾನಿನ ಕೀಲಿ ವಾಪಸು ಕೊಟ್ಟು ಬಂದ. ಮಾರನೇ ದಿನ ಬೆಳಿಗ್ಗೆ ಬಿಸಿನೀರಿನ ಬೋಗುಣಿ ಹಿಡಿದು ಅವ್ವನ ಹಾಸಿಗೆಯ ಪಕ್ಕ ನಿಂತ.

ಅವತ್ತು ಅವ್ವ ಗೋಡೆ ಕಡೆ ಮುಖ ತಿರುಗಿಸಿ, "ಶನಿವಾರದ ಆಟದಲ್ಲಿ ಚೆಂಡು ಬಿಟ್ಟೋನು ಯಾವನೋ?" ಎಂದಳು. ರಗ್ಬಿಯ ಮಾತು. ಅವಳಿಗೆ ರಗ್ಬಿ ಅಂದರೆ ಆಗುತ್ತಿರಲಿಲ್ಲ. ನಾನು ಹೇಳಿದೆ. ಹೇಳುತ್ತಾ ಹೇಳುತ್ತಾ ಹೊದಿಕೆಯ ಒಳಗೆ ಕೈ ಹಾಕಿದೆ.

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ದೊಡ್ಡ ಟವೆಲ್ಲೊಂದನ್ನು ಕುತ್ತಿಗೆಯಿಂದ ಮೊಣಕಾಲಿನವರೆಗೆ ಹೊದಿಸುತ್ತೇನೆ. ಬಟ್ಟೆ ಅದ್ದಿ, ಹಿಂಡಿ, ಟವೆಲ್ಲಿನ ಅಡಿಯಲ್ಲಿ ಕೈ ತೂರಿಸಿ, ಕಣ್ಣನ್ನು ಗೋಡೆಗೆ ನೆಟ್ಟು ತೊಳೆಯುತ್ತೇನೆ. ಕಂಕುಳು, ಎದೆಯ ಕೆಳಗೆ, ತೊಡೆಯ ಸಂದು. ಮಲ ಆಗಿದ್ದರೆ ಮೂರು ನೀರು. ಹುಣ್ಣಾಗದಂತೆ ಕ್ರೀಮು. ಒಣ ಪ್ಯಾಡು. ಮಗ್ಗುಲಿಗೆ ಹೊರಳಿಸುವಾಗ ಅವಳ ಭಾರವೆಲ್ಲ ನನ್ನ ಬಲ ಭುಜದ ಮೇಲೆ. ಒಂದು ಸಲವೂ ನಾನು ನೋಡಿರಲಿಲ್ಲ. ಕೈಗೆ ಎಲ್ಲ ಗೊತ್ತು, ಕಣ್ಣಿಗೆ ಏನೂ ಗೊತ್ತಿಲ್ಲ. ಬಾಯಿ ಮಾತ್ರ ರಗ್ಬಿ ಆಡುತ್ತಿರುತ್ತದೆ.

ಎಲ್ಲ ಮುಗಿದು ತುಟಿಗೆ ಬಣ್ಣ ಹಚ್ಚಿಕೊಂಡು ಅವ್ವ ಕಿಟಕಿಯ ಬಳಿ ಕೂರುತ್ತಾಳೆ. ಆಚೆ ಯಾರಾದರೂ ಹೋದರೆ ಕೂಗುತ್ತಾಳೆ. "ಈಗ ತಾನೆ ನರ್ಸ್ ಬಂದು ಹೋದ್ಲು. ಎಂಥ ಹಗೂರ ಕೈ ಅಂತೀಯ ಅವ್ಳದ್ದು!"

ನಾನು ಅಲ್ಲಗಳೆಯಲಿಲ್ಲ. ಯಾಕೆ ಅಲ್ಲಗಳೆಯಲಿ? ಕ್ಲಬ್ಬಿನಲ್ಲಿ ಬಿಯರ್ ಹಿಡಿದು ಕೂತ ಗಂಡಸರ ನಡುವೆ, ನಾನು ದಿನಾ ಅವ್ವನ ಕುಂಡಿ ತೊಳೆಯುತ್ತೇನೆ ಎಂದು ಹೇಳುವುದೇ? ನಾನೂ ನರ್ಸಿನ ಹಿಂದೆ ಅಡಗಿಕೊಂಡೆ. ದಿನಾ ಒದ್ದೆಯಾಗುವ ಹಾಸಿಗೆ ಬಟ್ಟೆಯನ್ನು ಹಿತ್ತಲ ತಂತಿಗೆ ಹಾಕುತ್ತಿರಲಿಲ್ಲ. ಒಳಗೇ ಕುರ್ಚಿಗಳ ಬೆನ್ನಿಗೆ ಹರವಿ ಒಣಗಿಸುತ್ತಿದ್ದೆ. ಮನೆಯೆಲ್ಲ ಮೂತ್ರದ ಹಬೆ. ಆದರೂ ಮರ್ಯಾದೆ ಉಳಿಯಿತು ಅಂದುಕೊಂಡಿದ್ದೆ.

ಈ ವರ್ಷ ಸರ್ಕಾರದ ನೆರವಿನ ಕಚೇರಿಯಿಂದ ಕಾಗದ ಬಂತು. ಮನೆಯವರನ್ನು ನೋಡಿಕೊಳ್ಳುವವರಿಗೆ ಕೊಡುತ್ತಿದ್ದ ಹಳೆಯ ನೆರವು ನಿಲ್ಲುತ್ತದೆ. ಹೊಸ ನೆರವಿಗೆ ಬದಲಾಗಬೇಕು. ಮೂರು ತಿಂಗಳೊಳಗೆ ನೀವೇ ಅರ್ಜಿ ಹಾಕಿ. ವಾರಕ್ಕೆ ಮೂವತ್ತೈದು ಗಂಟೆ ಆರೈಕೆ ಮಾಡುತ್ತೀರೆಂದು ತೋರಿಸಿ. ತೋರಿಸದಿದ್ದರೆ ನಿಮ್ಮನ್ನು ಕೆಲಸ ಮಾಡಬಲ್ಲವರೆಂದು ಲೆಕ್ಕಕ್ಕೆ ಹಿಡಿಯಲಾಗುವುದು.

ಮೂವತ್ತೈದು ಗಂಟೆ! ನನಗೆ ನಗು ಬಂತು. ಬುಧವಾರದ ಹೊತ್ತಿಗೆ ಅಷ್ಟು ಮುಗಿದಿರುತ್ತದೆ.

ಅರ್ಜಿಯಲ್ಲಿ ಬಿಡಿಬಿಡಿಯಾಗಿ ಕೇಳಿದ್ದರು. ಶೌಚದ ನಂತರ ಶುಚಿ ಮಾಡುವವರು ಯಾರು? ದಿನಕ್ಕೆ ಎಷ್ಟು ಸಲ? ಒಂದೊಂದು ಸಲಕ್ಕೆ ಎಷ್ಟು ನಿಮಿಷ? ಲೈಬ್ರರಿಯ ಕಂಪ್ಯೂಟರಿನಲ್ಲಿ, ಪಕ್ಕದವನಿಗೆ ಕಾಣದಂತೆ ಕೋಟನ್ನು ಅಡ್ಡ ಹಿಡಿದು 'ನಾನು' ಎಂದು ಬರೆದೆ. ಮುಂದಿನದಕ್ಕೂ 'ನಾನು'. ಅದರ ಮುಂದಿನದಕ್ಕೂ. ಕೊನೆಯಲ್ಲಿ, ಇದನ್ನು ಬಲ್ಲ ಹೊರಗಿನವರೊಬ್ಬರ ಹೆಸರು ಕೊಡಿ ಎಂದಿತ್ತು. ಡಿಲಿಸ್ ಬೇನನ್ ಎಂದು ಬರೆದೆ. ನಮ್ಮ ಗೋಡೆಯ ಆಚೆಗಿನವಳು. ನಾನು ಹುಟ್ಟುವ ಮುಂಚಿನಿಂದ ಅಲ್ಲೇ ಇದ್ದಾಳೆ. ಗೋಡೆ ತೆಳು. ಕೇಳಿಸಿರಲೇಬೇಕು.

ಬರೆದವನು ಹೋಗಿ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಆಂಟಿ, ಹೀಗೆ ಫೋನ್ ಬರುತ್ತೆ, ನಿಜ ಹೇಳಿ ಅಂತ. ಮೂರು ಸಲ ಅವಳ ಬಾಗಿಲಿಗೆ ಹೋದೆ. ಮೂರು ಸಲವೂ ಹವೆಯ ಮಾತಾಡಿ ವಾಪಸು ಬಂದೆ.

ಮೊದಲು ಅವ್ವನಿಗೆ ಫೋನ್ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಅವ್ವ ಸ್ಪೀಕರಿನಲ್ಲಿ ಇಟ್ಟಿದ್ದಳು.

"ಹಲೋ ನೆಸ್ಟಾ, ನಾನು ಫಿಲಿಪಾ, ಕಚೇರಿಯಿಂದ ಮಾತಾಡ್ತಿದೀನಿ."

"ಮಿಸೆಸ್ ಪ್ರಾಸರ್ ಅನ್ನು."

"ಸಾರಿ, ಮಿಸೆಸ್ ಪ್ರಾಸರ್. ನಿಮಗೆ ಸ್ನಾನ, ಶೌಚ ಇದನ್ನೆಲ್ಲ ಮಾಡಿಸೋದು ಯಾರು?"

ಅವ್ವನ ದನಿ, ಚರ್ಚಿಗೆ ಹೋಗುವಾಗಿನ ದನಿ.

"ನಂದೆಲ್ಲ ನಾನೇ ಮಾಡ್ಕೊಳ್ತೀನಿ ಕಣಮ್ಮ. ಬೆಳಿಗ್ಗೆ ನರ್ಸ್ ಬರ್ತಾಳೆ. ನನ್ ಮಗ ಬಲು ಒಳ್ಳೇವ್ನು. ಟೀ ಮಾಡ್ಕೊಡ್ತಾನೆ."

ಓಡಿ ಹೋಗಿ ಫೋನ್ ಕಿತ್ತುಕೊಂಡು, ಸುಳ್ಳು ಅನ್ನಬಹುದಿತ್ತು. ನಿಂತಲ್ಲೇ ನಿಂತೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೆ ಹಾಯೆನಿಸಿತು. ಪರವಾಗಿಲ್ಲ, ಡಿಲಿಸ್ ಆಂಟಿ ಇದ್ದಾಳಲ್ಲ ಎಂದುಕೊಂಡೆ.

ಹತ್ತು ದಿನಕ್ಕೆ ಉತ್ತರ ಬಂತು. ಆರೈಕೆ ಪಡೆಯುವವರ ಹೇಳಿಕೆಗೂ ಹೊರಗಿನ ಸಾಕ್ಷಿಯ ಹೇಳಿಕೆಗೂ ನಿಮ್ಮ ಅರ್ಜಿ ಹೊಂದುವುದಿಲ್ಲ. ಸೋಮವಾರದಿಂದ ಪೂರ್ಣಾವಧಿ ಕೆಲಸ ಹುಡುಕತಕ್ಕದ್ದು. ಜೊತೆಗೆ ಒಂದು ಗೋದಾಮಿನ ವಿಳಾಸ. ಹೆದ್ದಾರಿ ಪಕ್ಕ, ಹನ್ನೆರಡು ಗಂಟೆಯ ಪಾಳಿ. ಇನ್ನೊಂದು ಹಾಳೆಯಲ್ಲಿ, ನಿಮ್ಮ ತಾಯಿಯ ವ್ಯವಸ್ಥೆಗಾಗಿ ಎಂದು ವೃದ್ಧರ ನಿಲಯವೊಂದರ ಹೆಸರು. ಇಲ್ಲಿಂದ ಎರಡು ಬಸ್ಸು. ಅಲ್ಲಿ ಬೆಲ್ ಒತ್ತಿ ಸೋತು ಒದ್ದೆಯಲ್ಲೇ ಮಲಗಿರುವವರನ್ನು ನಾನು ಬ್ರೆಡ್ ಹಾಕಲು ಹೋದಾಗ ಕಣ್ಣಾರೆ ಕಂಡಿದ್ದೇನೆ.

ಹೋಗಿ ಡಿಲಿಸ್ ಆಂಟಿಯ ಬಾಗಿಲು ಗುದ್ದಿದೆ.

"ಅವ್ರಿಗೆ ಏನಂತ ಹೇಳಿದ್ರಿ?"

"ಇನ್ನೇನ್ ಹೇಳ್ಲಿ? ದಿನಾ ಬೆಳಿಗ್ಗೆ ನರ್ಸ್ ಬರ್ತಾಳೆ, ನೀಲಿ ಕಾರು, ಮುದ್ದಾದ ಹುಡ್ಗಿ ಅಂದೆ," ಎಂದಳು ಹೆಮ್ಮೆಯಿಂದ. "ಕಾರಿನ ಬಣ್ಣ ನಾನೇ ಸೇರಿಸಿದ್ದು."

"ನರ್ಸ್ ಇಲ್ಲ ಆಂಟಿ! ಒಂಬತ್ತು ವರ್ಷದಿಂದ ಇಲ್ಲ!"

"ಗೊತ್ತು ಬಿಡೋ."

"ಗೊತ್ತಾ?"

"ಇಡೀ ಸಾಲಿಗೇ ಗೊತ್ತು. ನಿನ್ ಕುರ್ಚಿಗಳ ಮೇಲೆ ದಿನಾ ದುಪ್ಪಟಿ ಒಣಗೋದು ಕಿಟಕೀಲಿ ಕಾಣ್ಸಲ್ವಾ? ನಾವೇನ್ ಕುರುಡ್ರಾ?"

"ಮತ್ತೆ ಯಾಕೆ ಹಂಗಂದ್ರಿ?"

ಅವಳು ಸೊಂಟಕ್ಕೆ ಕೈ ಕೊಟ್ಟಳು. "ಯಾವ್ದೋ ಕಚೇರಿ ಹುಡ್ಗಿ ಫೋನ್ ಮಾಡಿ, ನೆಸ್ಟಾಳ ಕುಂಡಿ ಯಾರು ತೊಳೀತಾರೆ ಅಂತ ಕೇಳ್ತಾಳೆ. ನಾನು ಹೇಳ್ಬಿಡ್ಬೇಕಾ? ನಾನು ಬೇನನ್ ಮನೆ ಸೊಸೆ ಕಣೋ. ನಮ್ಮತ್ತೆ ಕಾಲ್ದಲ್ಲಿ, ಗಣಿ ಕೆಲ್ಸ ನಿಂತಿದ್ದಾಗ, ಇನ್ಸ್‌ಪೆಕ್ಟರ್ ಬಂದು ಮನೆಮನೆ ಕುರ್ಚಿ ಎಣಿಸ್ತಿದ್ನಂತೆ. ಎರಡು ಸಾಕು, ಮಿಕ್ಕಿದ್ದು ಮಾರ್ಕೊಂಡು ತಿನ್ನಿ, ನೆರವಿಲ್ಲ ಅಂತ. ಅವ್ನು ಒಂದ್ನೇ ಮನೆಗೆ ಕಾಲಿಡ್ತಿದ್ದ ಹಾಗೆ ಗೋಡೆ ಬಡೀತಿದ್ರು. ಅವ್ನು ಕೊನೇಗೆ ಬರೋಷ್ಟ್ರಲ್ಲಿ ಇಪ್ಪತ್ತೆರಡ್ನೇ ಮನೆ ಗಡಿಯಾರ ಬೆಟ್ಟ ಹತ್ತಿ ಕೂತಿರ್ತಿತ್ತು. ಈ ಸಾಲ್ನಲ್ಲಿ ಕಚೇರಿಯೋರಿಗೆ ಯಾವತ್ತೂ ಯಾರೂ ನಿಜ ಹೇಳಿಲ್ಲ. ನಿಂಗೆ ನಿಜ ಬೇಕಿದ್ರೆ ಮುಂಚೇನೇ ಬಾಯ್ಬಿಟ್ಟು ಹೇಳ್ಬೇಕಿತ್ತು. ಮೂರು ಸಲ ಬಂದು ಮಳೆ ಬರುತ್ತೆ ಬರಲ್ಲ ಅಂದು ಹೋದ್ಯಲ್ಲ, ದಡ್ಡ!"

ಅವಳ ಮೇಲಿನ ಸಿಟ್ಟು ಅಲ್ಲೇ ಇಳಿಯಿತು. ಆದರೆ ಇಡೀ ಸಾಲಿಗೆ ಗೊತ್ತು ಎಂಬ ಮಾತು ಮೈಗೆ ಬಿಸಿನೀರು ಸುರಿದಂತಾಯಿತು. ಇಷ್ಟು ವರ್ಷ ಕ್ಲಬ್ಬಿನಲ್ಲಿ ನನ್ನ ಎದುರು ಕೂತವರಿಗೆಲ್ಲ ಗೊತ್ತಿತ್ತು. ನರ್ಸ್ ಚೆನ್ನಾಗಿದ್ದಾಳಾ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ.

ಫಿಲಿಪಾಗೆ ಫೋನ್ ಮಾಡಿದೆ. ಅವಳ ದನಿಯಲ್ಲಿ ಸಕ್ಕರೆ ಇತ್ತು.

"ನನಗೆ ನಿಮ್ಮ ಕಷ್ಟ ಅರ್ಥ ಆಗತ್ತೆ ಮಿಸ್ಟರ್ ಪ್ರಾಸರ್. ಆದ್ರೆ ಎರಡು ಹೇಳಿಕೆ ನಿಮ್ಮ ವಿರುದ್ಧ ಇದೆ. ನೀವು ಆರೈಕೆ ಮಾಡೋದನ್ನ ವಿಡಿಯೋ ಕಾಲಲ್ಲಿ ಒಂದು ಸಲ ನೋಡಿದ್ರೆ ದಾಖಲೆ ಆಗತ್ತೆ. ಬೆಳಗಿನ ಶುಚಿ ಮಾಡೋ ಹೊತ್ತಿಗೆ ಇಟ್ಕೊಳ್ಳೋಣ. ಹತ್ತೇ ನಿಮಿಷ."

ಆಗಲೇ ಆಗುವುದಿಲ್ಲ ಅನ್ನಬೇಕಿತ್ತು. "ಆಯ್ತು ಮೇಡಂ, ಥ್ಯಾಂಕ್ಸ್" ಎಂದೆ. ಥ್ಯಾಂಕ್ಸ್ ಬೇರೆ.

ಅವ್ವನಿಗೆ, ಗುರುವಾರ ಒಬ್ಬಳು ಡಾಕ್ಟರು ಫೋನಿನಲ್ಲಿ ಬೆನ್ನಿನ ಹುಣ್ಣು ನೋಡುತ್ತಾಳೆ ಎಂದು ಹೇಳಿದೆ. ನಾನು ಅವ್ವನಿಗೆ ಹೇಳಿದ ಸುಳ್ಳುಗಳಲ್ಲಿ ಅದು ದೊಡ್ಡದು. "ನಂಗೆಲ್ಲಿ ಹುಣ್ಣಾಗಿದೆ? ನೀನು ಆಗಕ್ಕೆ ಬಿಟ್ಟಿದೀಯ?" ಎಂದಳು. ಆದರೂ ಗುರುವಾರಕ್ಕೆ ತುಟಿಯ ಬಣ್ಣ ಹತ್ತಿರ ಇಡು ಅಂದಳು.

ಗುರುವಾರ ಬೆಳಿಗ್ಗೆ ಫೋನನ್ನು ಔಷಧಿ ಡಬ್ಬಕ್ಕೆ ಒರಗಿಸಿ ಇಟ್ಟೆ. ಫಿಲಿಪಾಳ ಮುಖ ಬಂತು. ಇಪ್ಪತ್ತೈದರ ಹುಡುಗಿ, ಬೂದು ಸ್ವೆಟರು, ಹಿಂದೆ ಒಂದು ಹಸಿರು ಗಿಡ. ಅವ್ವ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಟವೆಲ್ ಹೊದಿಸಿದೆ. ಬಟ್ಟೆ ಅದ್ದಿದೆ, ಹಿಂಡಿದೆ, ಕೈ ತೂರಿಸಿದೆ.

"ಶನಿವಾರ ಯಾರ್ ಗೆದ್ರು?" ಎಂದಳು ಅವ್ವ. ದನಿ ಸಣ್ಣಗಿತ್ತು.

"ನಾವು ಸೋತ್ವಿ ಅವ್ವ."

"ಮಿಸ್ಟರ್ ಪ್ರಾಸರ್," ಎಂದಿತು ಫೋನು. "ಟವೆಲ್ ಅಡ್ಡ ಇದೆ. ನಿಮ್ಮ ಕೈ ಏನು ಮಾಡ್ತಿದೆ ಅಂತ ಕಾಣ್ತಾ ಇಲ್ಲ. ಅವ್ರೇ ತೊಳ್ಕೊಳ್ತಿದಾರಾ, ನೀವಾ, ಅದನ್ನ ನಾನು ಬರೀಬೇಕು. ಟವೆಲ್ ಸ್ವಲ್ಪ ಸರಿಸ್ತೀರಾ?"

ಅವ್ವನ ಕಣ್ಣು ಗೋಡೆಯಿಂದ ತಿರುಗಿತು. ನನ್ನ ಮುಖಕ್ಕೆ ಬಂತು.

ನಾನು ಮಾಡಿದ್ದನ್ನು ಬರೆಯಲೇಬೇಕು. ಗೋದಾಮು ನೆನಪಾಯಿತು. ಎರಡು ಬಸ್ಸಿನ ಆಚೆಗಿನ ಆ ನಿಲಯ ನೆನಪಾಯಿತು. ನನ್ನ ಎಡಗೈ ಹೋಗಿ ಟವೆಲ್ಲಿನ ಅಂಚು ಹಿಡಿಯಿತು. ಎಳೆಯಿತು. ಯಾರೂ ನನ್ನ ಕೈ ಹಿಡಿದು ಎಳೆಸಲಿಲ್ಲ. ಅವ್ವನ ಭುಜದ ಕೆಳಗಿನ ಬಿಳಿ ಚರ್ಮಕ್ಕೆ ಕಿಟಕಿಯ ಬೆಳಕು ಬಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ.

ಅವ್ವನ ನೆಟ್ಟಗಿರುವ ಒಂದು ಕೈ ಬಂದು ಎದೆಯ ಮೇಲೆ ಕೂತಿತು.

"ಥ್ಯಾಂಕ್ಯೂ, ಇನ್ನೂ ಸ್ವಲ್ಪ," ಎಂದಿತು ಫೋನು.

ಟವೆಲ್ ಬಿಟ್ಟೆ. ಕುತ್ತಿಗೆಯವರೆಗೆ ಎಳೆದು ಹೊದಿಸಿದೆ. ಫೋನನ್ನು ನನ್ನ ಕಡೆ ತಿರುಗಿಸಿದೆ.

"ಆಗಲ್ಲ."

"ಮಿಸ್ಟರ್ ಪ್ರಾಸರ್, ಇದು ದಾಖಲೆಗೆ—"

"ಅರ್ಜಿ ಹಾಕಿರೋನು ನಾನು. ನಿಂಗೆ ಮೈ ನೋಡ್ಬೇಕಲ್ವಾ? ನಂದು ನೋಡು."

ಅಂಗಿ ಬಿಚ್ಚಿದೆ. ಬನಿಯನ್ ಬಿಚ್ಚಿದೆ. "ನೋಡು, ಈ ಭುಜ. ಇದು ಮೇಲಕ್ಕೆ ಏಳಲ್ಲ. ಮೂರು ಸಾವಿರ ಸಲ ಅವ್ವನ ಎತ್ತಿದೆ ಇದು. ಇದು ಹರ್ನಿಯಾ ಬೆಲ್ಟು. ಇದನ್ನೂ ತೆಗೀಲಾ? ಒಳಗೆ ಮುಷ್ಟಿ ಗಾತ್ರ ಉಬ್ಬಿದೆ. ಕೈ ನೋಡು, ಬಿಸಿನೀರು ಸೋಪು ತಿಂದ ಕೈ. ನರ್ಸ್ ಇದ್ದಿದ್ರೆ ಹಿಂಗಿರ್ತಿತ್ತಾ? ಬರ್ಕೋ. ನಿಮಿಷ ಬೇಕಾ, ಗಂಟೆ ಬೇಕಾ?" ಬೆಲ್ಟಿನ ಕೊಕ್ಕೆಗೆ ಕೈ ಹಾಕಿದೆ.

ಫಿಲಿಪಾಳ ಮುಖ ಕೆಂಪಾಯಿತು. "ಮಿಸ್ಟರ್ ಪ್ರಾಸರ್, ದಯವಿಟ್ಟು ಬಟ್ಟೆ ಹಾಕ್ಕೊಳ್ಳಿ. ಸಿಬ್ಬಂದಿ ಮುಂದೆ ಇದು ಅಸಭ್ಯ ವರ್ತನೆ. ನಾನು ಕಾಲ್ ಕಟ್ ಮಾಡ್ಬೇಕಾಗತ್ತೆ."

"ನಂದು ಅಸಭ್ಯ. ನಮ್ಮವ್ವಂದು?"

ಪರದೆ ಕಪ್ಪಾಯಿತು.

ಬರಿ ಮೈಯಲ್ಲಿ ಹಾಗೇ ನಿಂತಿದ್ದೆ. ಗೆದ್ದೆ ಅನ್ನಿಸಲಿಲ್ಲ. ಟವೆಲ್ ಎಳೆದ ಎಡಗೈಯನ್ನು ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

"ಡಾಕ್ಟ್ರಲ್ಲ ಅವ್ಳು," ಎಂದಳು ಅವ್ವ.

"ಅಲ್ಲ ಅವ್ವ."

ಎಲ್ಲ ಹೇಳಿದೆ. ಕಾಗದ, ಗೋದಾಮು, ನಿಲಯ, ಅವಳು ಫೋನಿನಲ್ಲಿ ಆಡಿದ ಮಾತು, ಡಿಲಿಸ್ ಆಂಟಿಯ ನೀಲಿ ಕಾರು. ಅವ್ವ ಸೂರು ನೋಡುತ್ತಾ ಕೇಳಿದಳು.

"ಡಿಲಿಸ್‌ನ ಕರ್ಕೊಂಡ್ ಬಾ."

"ಮೊದ್ಲು ಮುಗಿಸಿ, ಬಟ್ಟೆ ಹಾಕಿ—"

"ಹಿಂಗೇ ಇರ್ಲಿ. ಅಂಗಿ ಹಾಕ್ಕೊಂಡು ಹೋಗು, ಅವ್ಳಿಗೆ ಹೃದಯ ನಿಂತುಹೋದೀತು."

ತುಟಿಗೆ ಬಣ್ಣವಿಲ್ಲದೆ ಪೋಸ್ಟಿನವನಿಗೂ ಮುಖ ತೋರಿಸದ ಅವ್ವ, ಬೋಗುಣಿ ಪಕ್ಕದಲ್ಲಿರುವಾಗಲೇ, ಪ್ಯಾಡಿನ ಬುಟ್ಟಿ ಮುಚ್ಚದೆಯೇ ಡಿಲಿಸ್ ಆಂಟಿಯನ್ನು ಒಳಗೆ ಕರೆಸಿಕೊಂಡಳು. ಆಂಟಿ ಬಾಗಿಲಲ್ಲೇ ನಿಂತಳು. ಎತ್ತಲೂ ನೋಡಲಾರದೆ ದೀಪದ ಕಡೆ ನೋಡಿದಳು.

"ಡಿಲಿಸ್, ನರ್ಸ್ ಬರಲ್ಲ ಕಣೇ."

"ಏನ್ ಮಾತಾಡ್ತೀಯ? ಮಂಗಳ್ವಾರ ತಾನೇ ನಾನೇ ನೋಡ್ದೆ ಅವ್ಳ ಕಾರು."

"ಡಿಲಿಸ್."

"ನೀಲಿ ಕಾರು ನೆಸ್ಟಾ. ನಾನು ಕೈ ಬೀಸ್ದೆ, ಅವ್ಳೂ ಬೀಸಿದ್ಲು."

"ನರ್ಸ್ ಇಲ್ಲ. ನನ್ ಮಗ ತೊಳೀತಾನೆ. ಹೇಳು ಈಗ."

ಆಂಟಿ ಒಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅವ್ವನೇ ಕೇಳಿ ಒಡೆಸುತ್ತಿದ್ದಳು. "ನನ್ ಕೈಲಿ ಆಗಲ್ಲ ಕಣೇ. ನಿನ್ ಮುಂದೆ ಹೆಂಗೆ ಹೇಳ್ಲಿ?"

"ನನ್ ಮುಂದೆ ಹೇಳ್ದೇ ಇದ್ರೆ ಅವ್ಳಿಗೆ ಹೆಂಗೆ ಹೇಳ್ತೀಯ?"

"ಎಮ್ರಿಸ್ ತೊಳೀತಾನೆ," ಎಂದು ಆಂಟಿ ಅತ್ತಳು. ನಾನು ಬಾಗಿಲ ಹಿಂದೆ ಸರಿದು ನಿಂತೆ. ನನ್ನ ಹೆಸರನ್ನು ಆ ಮಾತಿನ ಜೊತೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಕಿವಿ ಸುಡುತ್ತಿತ್ತು.

ಕಚೇರಿಗೆ ಫೋನ್ ಮಾಡಿ, ಮುಕ್ಕಾಲು ಗಂಟೆ ಕಾಯಿಸುವ ಸಂಗೀತ ಕೇಳಿದ ಮೇಲೆ ಫಿಲಿಪಾ ಸಿಕ್ಕಳು. ಆಂಟಿ ಎದ್ದು ನಿಂತು ಮಾತಾಡಿದಳು.

"ನಾನು ಡಿಲಿಸ್ ಬೇನನ್. ಅವತ್ತು ಹೇಳಿದ್ದು ಸುಳ್ಳು. ನರ್ಸ್ ಇಲ್ಲ."

"ಆವಾಗ ಯಾಕೆ ಸುಳ್ಳು ಹೇಳಿದ್ರಿ, ಮಿಸೆಸ್ ಬೇನನ್?"

"ನೀವು ಕೇಳಿದ್ರಿ ಅಂತ."

"ಅಂದ್ರೆ?"

"ಅಂದ್ರೆ ಅದು ಕೇಳೋ ಮಾತಲ್ಲ. ಆದ್ರೂ ಈಗ ಹೇಳ್ತೀನಿ, ಬರ್ಕೊಳ್ಳಿ. ಅವ್ನು ತಿನ್ನಿಸ್ತಾನೆ, ಎತ್ತುತಾನೆ, ಉಚ್ಚೆ ಹೇಲು ಬಳೀತಾನೆ. ಗೋಡೆ ಆಚೆ ನಂಗೆ ದಿನಾ ಕೇಳ್ಸುತ್ತೆ. ಒಂದು ದಿನಾನೂ ಅವ್ನು ರೇಗಿದ್ದು ಕೇಳ್ಸಿಲ್ಲ. ಸಾಕಾ?"

ಅವ್ವ ಕೈ ಚಾಚಿ ಫೋನ್ ಇಸಿದುಕೊಂಡಳು. "ನಾನು ಮಿಸೆಸ್ ಪ್ರಾಸರ್. ನಾನೂ ಸುಳ್ಳು ಹೇಳಿದ್ದೆ. ನಾಚ್ಕೆ ಆಗಿತ್ತು. ನಿಂಗೆ ಆಗ್ಲಿಲ್ವಲ್ಲ, ಅದಕ್ಕೆ ಈಗ ಹೇಳ್ತಿದೀನಿ."

ತೀರ್ಮಾನಕ್ಕೆ ಏಳು ವಾರ ಬೇಕಾಯಿತು. ಅಷ್ಟು ದಿನ ಕೆಲಸ ಹುಡುಕಿದ ಪುರಾವೆ ಹಿಡಿದು ಕಚೇರಿಯ ಬೆಂಚಿನಲ್ಲಿ ಕೂತೆ. ಆಗೆಲ್ಲ ಡಿಲಿಸ್ ಆಂಟಿ ಅವ್ವನ ಹತ್ತಿರ ಕೂತಿರುತ್ತಿದ್ದಳು. ಕೊನೆಗೆ ಕಾಗದ ಬಂತು. ಅರ್ಜಿ ಒಪ್ಪಲಾಗಿದೆ. ವಿಡಿಯೋ ಪರಿಶೀಲನೆ ಅಪೂರ್ಣ. ಅರ್ಜಿದಾರರ ವರ್ತನೆ ಬಗ್ಗೆ ಟಿಪ್ಪಣಿ ಇಡಲಾಗಿದೆ. ಹನ್ನೆರಡು ತಿಂಗಳಲ್ಲಿ ಮರುಪರಿಶೀಲನೆ.

ಬೆಳಿಗ್ಗೆ ತೊಳೆಯುವಾಗ ಅವ್ವನಿಗೆ ಅದನ್ನು ಹೇಳಿದೆ. ಆ ಗುರುವಾರದಿಂದ ಅವ್ವ ರಗ್ಬಿಯ ಮಾತು ಎತ್ತಿರಲಿಲ್ಲ.

"ಮುಂದಿನ್ ವರ್ಷ ಮತ್ತೆ ತೋರ್ಸು ಅಂದ್ರೆ?" ಎಂದಳು.

"ತೋರ್ಸಲ್ಲ ಅವ್ವ."

"ಈ ಸಲ ತೋರ್ಸಕ್ಕೆ ಹೊರಟಿದ್ಯಲ್ಲ."

ನನ್ನ ಕೈ ಟವೆಲ್ಲಿನ ಅಡಿಯಲ್ಲಿ ನಿಂತುಹೋಯಿತು. ಅವಳಿಗೆ ತಿಳಿದಿರಲಿಕ್ಕಿಲ್ಲ, ಕೈ ಬರೀ ಅಂಚು ಮುಟ್ಟಿತ್ತು ಅಂದುಕೊಂಡಿರಬಹುದು ಎಂದು ಏಳು ವಾರ ನನಗೆ ನಾನೇ ಹೇಳಿಕೊಂಡಿದ್ದೆ.

"ಹೌದು ಅವ್ವ, ಎಳ್ದೆ. ಎರಡು ಬೆರಳಷ್ಟು."

"ನಾಲ್ಕು," ಎಂದಳು ಅವ್ವ. "ನೀರು ಆರ್ತಾ ಇದೆ, ಮುಗಿಸು."